ಪರದೆಯ ಲೆಕ್ಕ, ಗೋದಾಮಿನ ಸರಕು

(ವಾಣಿಜ್ಯ ಮತ್ತು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ಅಂಗಡಿಯಲ್ಲಿ ಒಂದು ವಸ್ತುವನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಬೆಲೆಯ ಕೆಳಗೆ ‘ಇನ್ನು 4 ಮಾತ್ರ ಉಳಿದಿವೆ’ ಎಂದಿರುತ್ತದೆ. ನನ್ನ ಮಾತೆಲ್ಲ ಆ 4ರ ಸುತ್ತಲೇ ಇರುತ್ತದೆ. ವ್ಯವಹಾರ ನಿರ್ವಹಣೆಯ ಮಾಹಿತಿ ವ್ಯವಸ್ಥೆಗಳು ಎಂದೊಡನೆ ಇಆರ್‌ಪಿ (ಸಂಸ್ಥೆಯ ಎಲ್ಲ ವಿಭಾಗಗಳನ್ನು ಜೋಡಿಸುವ ತಂತ್ರಾಂಶ), ಸಿಆರ್‌ಎಂ (ಗ್ರಾಹಕರ ವ್ಯವಹಾರ ನೋಡಿಕೊಳ್ಳುವುದು), ಡಬ್ಲ್ಯುಎಂಎಸ್ (ಗೋದಾಮು ನೋಡಿಕೊಳ್ಳುವುದು) ಎಂದು ಹೆಸರುಗಳನ್ನು ಪೋಣಿಸುವುದು ಸುಲಭ. ಆ ಪಟ್ಟಿ ನಿಮ್ಮ ಪಠ್ಯಪುಸ್ತಕದಲ್ಲಿ ಇದ್ದೇ ಇದೆ. ಆದರೆ ಈ 4 ಎಲ್ಲಿಂದ ಬಂತು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂದು ಬೆನ್ನುಹತ್ತಿ ಹೋದರೆ, ಈ ವ್ಯವಸ್ಥೆಗಳು ಯಾಕೆ ಬೇಕಾದವು, ಎಲ್ಲಿ ಎಡವುತ್ತವೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ ಗಮನಿಸಿ. ಆ 4ನ್ನು ಇವತ್ತು ಯಾರೂ ಎಣಿಸಿಲ್ಲ. ನೀವು ಪುಟ ತೆರೆದಾಗ ಯಾರೂ ಗೋದಾಮಿಗೆ ಹೋಗಿ ಕಪಾಟು ನೋಡಿ ಬರುವುದಿಲ್ಲ. ಹಿಂದೆ ಯಾವಾಗಲೋ ಒಮ್ಮೆ ಎಣಿಸಿದ್ದರು. ಅಲ್ಲಿಂದ ಮುಂದೆ ಬಂದದ್ದನ್ನು ಕೂಡುತ್ತ, ಮಾರಿದ್ದನ್ನು ಕಳೆಯುತ್ತ, ವಾಪಸ್ ಬಂದದ್ದನ್ನು ಮತ್ತೆ ಸೇರಿಸುತ್ತ, ಒಡೆದದ್ದನ್ನು ತೆಗೆಯುತ್ತ ಬಂದ ಲೆಕ್ಕದಲ್ಲಿ ಕೊನೆಗೆ ಉಳಿದದ್ದು ಈ 4. ನಡುವೆ ಒಂದೇ ಒಂದು ನಮೂದು ತಪ್ಪಿದರೂ ಮುಂದಿನ ಎಣಿಕೆಯವರೆಗೆ ಆ ತಪ್ಪು ಹಾಗೇ ಕೂತಿರುತ್ತದೆ. ಕೂಡುವುದರಲ್ಲಿ, ಕಳೆಯುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ. ಆದರೆ ಯಾರೂ ಹೇಳದೇ ಹೋದದ್ದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಇದು ಎಷ್ಟು ದೊಡ್ಡ ಸಮಸ್ಯೆ? ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ ಎಂಬ ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಚಿಲ್ಲರೆ ಮಾರಾಟ ಸಂಸ್ಥೆಯ 37 ಮಳಿಗೆಗಳ ಸುಮಾರು 3,70,000 ದಾಸ್ತಾನು ದಾಖಲೆಗಳನ್ನು ತೆಗೆದುಕೊಂಡು, ಕಂಪ್ಯೂಟರಿನಲ್ಲಿರುವ ಸಂಖ್ಯೆಗೂ ಕಪಾಟಿನಲ್ಲಿರುವ ಸರಕಿಗೂ ತಾಳೆ ನೋಡಿದರು. ಶೇ 65ರಷ್ಟು ದಾಖಲೆಗಳು ತಾಳೆಯಾಗಲಿಲ್ಲ. ನೂರಕ್ಕೆ ಅರವತ್ತೈದು! ಈ ಅಂಕಿಯನ್ನು ಮೊದಲು ಓದಿದಾಗ ನನಗೆ ನಂಬಲು ಕಷ್ಟವಾಯಿತು. ವ್ಯತ್ಯಾಸ ಎಲ್ಲ ಕಡೆಯೂ ದೊಡ್ಡದೇ ಆಗಿರಬೇಕೆಂದಿಲ್ಲ. ಒಂದೆರಡು ಪೀಸ್ ಹೆಚ್ಚುಕಡಿಮೆ ಇದ್ದರೂ ಅದು ತಪ್ಪೇ. ಆದರೆ ಮೂರರಲ್ಲಿ ಎರಡು ಸಂಖ್ಯೆಗಳು ತಪ್ಪಿರುವ ಪಟ್ಟಿಯನ್ನು ಮುಂದಿಟ್ಟುಕೊಂಡು ಏನನ್ನು ಎಷ್ಟು ಖರೀದಿಸಬೇಕೆಂದು ತೀರ್ಮಾನಿಸುವವರ ಪರಿಸ್ಥಿತಿಯನ್ನು ಯೋಚಿಸಿ.

ಇಷ್ಟೊಂದು ತಪ್ಪು ಹೇಗೆ ನುಸುಳುತ್ತದೆ? ಕಳ್ಳತನ ಎಂದು ತಕ್ಷಣ ಹೇಳಿಬಿಡುತ್ತೇವೆ. ಕಳ್ಳತನವೂ ಒಂದು ಕಾರಣ, ನಿಜ. ಆದರೆ ಬಿಲ್ ಮಾಡುವ ಕೌಂಟರಿನ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಗ್ರಾಹಕರೊಬ್ಬರು ಒಂದೇ ಕಂಪನಿಯ, ಒಂದೇ ಬೆಲೆಯ ಮೂರು ಸಾಬೂನು ತಂದಿಟ್ಟಿದ್ದಾರೆ. ಎರಡು ಹಸಿರು, ಒಂದು ನೀಲಿ. ಹಿಂದೆ ಸಾಲು ಬೆಳೆದಿದೆ. ಕೌಂಟರಿನವರು ಹಸಿರು ಸಾಬೂನನ್ನು ಒಮ್ಮೆ ಸ್ಕ್ಯಾನ್ ಮಾಡಿ, ಪ್ರಮಾಣದ ಜಾಗದಲ್ಲಿ 3 ಎಂದು ಒತ್ತುತ್ತಾರೆ. ಬಿಲ್ಲಿನ ಮೊತ್ತ ಸರಿ. ತೆರಿಗೆ ಸರಿ. ಸಂಜೆ ಗಲ್ಲಾದ ಹಣವೂ ಪೈಸೆ ಬಿಡದೆ ತಾಳೆಯಾಗುತ್ತದೆ. ಯಾರಿಗೂ ಮೋಸವಾಗಿಲ್ಲ. ಆದರೂ ಆ ಒಂದು ಕ್ಷಣದಲ್ಲಿ ಎರಡು ಲೆಕ್ಕ ಕೆಟ್ಟವು. ಹಸಿರು ಸಾಬೂನು ಕಪಾಟಿನಲ್ಲಿ ಇರುವುದಕ್ಕಿಂತ ಒಂದು ಕಡಿಮೆ ಎಂದು ಪರದೆ ಹೇಳುತ್ತದೆ, ನೀಲಿ ಒಂದು ಹೆಚ್ಚು ಎನ್ನುತ್ತದೆ. ಹಣದ ಲೆಕ್ಕ ಸರಿಯಿದ್ದು ಸರಕಿನ ಲೆಕ್ಕ ಮಾತ್ರ ಕೆಡುವ ತಪ್ಪು ಇದು. ಲೆಕ್ಕಪರಿಶೋಧಕರು ಹಣದ ಕಡೆಯಿಂದ ಎಷ್ಟು ಹುಡುಕಿದರೂ ಕೈಗೆ ಸಿಗುವುದಿಲ್ಲ.

ಬಾರ್‌ಕೋಡ್ ಬಂದ ಮೇಲೆ ಇಂಥದ್ದೆಲ್ಲ ಮುಗಿಯುತ್ತದೆ ಎಂಬ ನಂಬಿಕೆ ಇತ್ತು. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್‌ಮಾರ್ಕೆಟಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕನ್ನು ಸ್ಕ್ಯಾನ್ ಮಾಡುವ ಮೂಲಕ ಈಗ ನಾವು ಬಳಸುವ ಬಗೆಯ ಬಾರ್‌ಕೋಡ್ ಚಾಲ್ತಿಗೆ ಬಂತು. ಸಂಖ್ಯೆಯನ್ನು ಕೈಯಲ್ಲಿ ಬರೆಯುವಾಗ ಆಗುತ್ತಿದ್ದ ತಪ್ಪನ್ನು ಅದು ನಿಜಕ್ಕೂ ತೊಡೆದುಹಾಕಿತು. ಕೋಡಿನ ಕೊನೆಯ ಅಂಕಿ ಉಳಿದ ಅಂಕಿಗಳಿಂದಲೇ ಲೆಕ್ಕಹಾಕಿ ಬರುವ ತಪಾಸಣಾ ಅಂಕಿ. ಒಂದು ಅಂಕಿ ತಪ್ಪಾಗಿ ಓದಿಕೊಂಡರೂ ಯಂತ್ರಕ್ಕೆ ಗೊತ್ತಾಗಿಬಿಡುತ್ತದೆ. ಆದರೆ ಸ್ಕ್ಯಾನ್ ಆಗಿರುವ ಕೋಡ್ ಸರಿಯಾಗಿದ್ದು ಕೈಯಲ್ಲಿರುವ ವಸ್ತುವೇ ಬೇರೆಯಾಗಿದ್ದರೆ ಯಂತ್ರ ಏನು ಮಾಡಬೇಕು?

ಇನ್ನೊಂದು ತಪ್ಪು ಸರಕು ಒಳಬರುವ ಬಾಗಿಲಲ್ಲೇ ಆಗುತ್ತದೆ. ಸಪ್ಲೈಯರ್ ಕಳಿಸಿದ್ದು 10 ಬಾಕ್ಸ್. ಒಂದೊಂದರಲ್ಲಿ 12 ಪೀಸ್. ಕೊಳ್ಳುವುದು ಬಾಕ್ಸ್ ಲೆಕ್ಕದಲ್ಲಿ, ಮಾರುವುದು ಪೀಸ್ ಲೆಕ್ಕದಲ್ಲಿ. ಐಟಂ ಮಾಸ್ಟರಿನಲ್ಲಿ, ಅಂದರೆ ಪ್ರತಿ ವಸ್ತುವಿನ ಮೂಲ ವಿವರಗಳ ಪಟ್ಟಿಯಲ್ಲಿ, ‘1 ಬಾಕ್ಸ್ = 12 ಪೀಸ್’ ಎಂದು ಬರೆದಿರಬೇಕು. ಹೊಸ ಐಟಂ ಸೇರಿಸುವ ಅವಸರದಲ್ಲಿ ಯಾರೋ ಆ ಜಾಗದಲ್ಲಿ 1 ಎಂದು ಬಿಟ್ಟಿದ್ದರೆ, ಬಂದದ್ದು 120 ಪೀಸ್, ದಾಖಲಾಗುವುದು 10. ಮಾರಾಟ ಶುರುವಾಗಿ ಹನ್ನೊಂದನೆಯ ಪೀಸ್ ಹೋದಾಗ ದಾಸ್ತಾನು ಮೈನಸ್ ಒಂದು ಎಂದು ತೋರಿಸುತ್ತದೆ. ಈ ಮೈನಸ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇತಿಹಾಸದ ಕಡೆ ಒಂದಿಷ್ಟು ಹೊರಳಿ ನೋಡೋಣ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಚೋಲಿ ಎಂಬ ಗಣಿತಜ್ಞ, ಅಲ್ಲಿನ ವರ್ತಕರು ಅದಾಗಲೇ ಬಳಸುತ್ತಿದ್ದ ದ್ವಿನಮೂದು ಪದ್ಧತಿಯನ್ನು ಅಚ್ಚಿನಲ್ಲಿ ವಿವರಿಸಿದ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆ, ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮೆ. ಎರಡರ ಮೊತ್ತವೂ ಸಮ ಇರಬೇಕು. ವಾಣಿಜ್ಯದ ವಿದ್ಯಾರ್ಥಿಗಳಿಗೆ ಇದು ಮೊದಲ ವರ್ಷದ ಪಾಠ. ಕಂಪ್ಯೂಟರ್ ಓದುವವರು ಇದನ್ನು ಇನ್ನಷ್ಟು ಆಸಕ್ತಿಯಿಂದ ಓದಬೇಕು. ದತ್ತಾಂಶ ತನ್ನ ತಪ್ಪನ್ನು ತಾನೇ ತೋರಿಸಿಕೊಡುವಂತೆ ರೂಪಿಸಿದ ವ್ಯವಸ್ಥೆ ಇದು, ವಿದ್ಯುತ್ತೂ ಇಲ್ಲದ ಕಾಲದಲ್ಲಿ.

ಕಂಪ್ಯೂಟರ್ ವ್ಯಾಪಾರದ ಕೆಲಸಕ್ಕೆ ಬಂದದ್ದು 1951ರಲ್ಲಿ. ಬ್ರಿಟನ್ನಿನಲ್ಲಿ ಚಹಾ ಅಂಗಡಿಗಳ ಸರಣಿಯನ್ನೇ ನಡೆಸುತ್ತಿದ್ದ ಜೆ. ಲಯನ್ಸ್ ಎಂಬ ಕಂಪನಿ ತನ್ನ ಕಚೇರಿ ಕೆಲಸಕ್ಕೆಂದು ತಾನೇ ಲಿಯೊ ಎಂಬ ಕಂಪ್ಯೂಟರ್ ಕಟ್ಟಿಸಿತು. ಅಲ್ಲಿಂದ ಹದಿಮೂರು ವರ್ಷಕ್ಕೆ, 1964ರಲ್ಲಿ, ಜೋಸೆಫ್ ಆರ್ಲಿಕಿ ಎಂಬ ಎಂಜಿನಿಯರ್ ಎಂಆರ್‌ಪಿ ಎಂಬ ಪದ್ಧತಿಯನ್ನು ರೂಪಿಸಿದರು. ಬೇಕಾದ ಸಾಮಗ್ರಿಯ ಲೆಕ್ಕ ಹಾಕುವ ಪದ್ಧತಿ ಅದು (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್); ಪೊಟ್ಟಣದ ಮೇಲಿನ ಗರಿಷ್ಠ ಬೆಲೆಯ ಎಂಆರ್‌ಪಿ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿನ ಇಆರ್‌ಪಿಯ ಬೇರು ಇಲ್ಲಿದೆ.

ಮುಂದಿನ ವಾರ 100 ಸೈಕಲ್ ಜೋಡಿಸಬೇಕು. ಎಷ್ಟು ಚಕ್ರ ಬೇಕೆಂದು ಅಂದಾಜು ಮಾಡುವ ಅಗತ್ಯವಿಲ್ಲ, ಲೆಕ್ಕವೇ ಹೇಳುತ್ತದೆ: 200. ದಾಸ್ತಾನಿನಲ್ಲಿ 30 ಇವೆ ಎನ್ನುತ್ತದೆ ಪರದೆ. ಹಾಗಾದರೆ 170ಕ್ಕೆ ಆರ್ಡರ್ ಹಾಕು. ಒಂದೊಂದು ಚಕ್ರಕ್ಕೂ ಇಷ್ಟು ಕಡ್ಡಿ, ಇಂಥ ರಿಮ್, ಇಂಥ ಟಯರ್ ಎಂದು ಲೆಕ್ಕ ಕೆಳಕೆಳಗೆ ಇಳಿಯುತ್ತ ಹೋಗುತ್ತದೆ. ಯಾವ ಭಾಗ ಬರಲು ಎಷ್ಟು ದಿನ ಬೇಕೋ ಅಷ್ಟು ದಿನ ಮೊದಲೇ ಅದರ ಆರ್ಡರ್ ಹೊರಡುತ್ತದೆ. ಸಾವಿರಾರು ಭಾಗಗಳ ಯಂತ್ರಕ್ಕೆ ಕೈಯಲ್ಲಿ ಇದನ್ನು ಮಾಡಲಾಗದು, ಕಂಪ್ಯೂಟರ್ ಒಂದು ರಾತ್ರಿಯಲ್ಲಿ ಮಾಡಿಬಿಡುತ್ತದೆ. ಈಗ ಪರದೆಯ ಮೇಲೆ 30 ಎಂದಿರುವ ಚಕ್ರಗಳು ನಿಜವಾಗಿ 20 ಮಾತ್ರ ಇವೆ ಎಂದುಕೊಳ್ಳಿ. ಆರ್ಡರ್ ಮಾಡಿದ 170 ಬಂದರೂ ಒಟ್ಟು 190. ಐದು ಸೈಕಲ್‌ಗೆ ಚಕ್ರವಿಲ್ಲ. ಆ ಐದರ ಹ್ಯಾಂಡಲ್, ಸೀಟು ಎಲ್ಲವೂ ಬಂದು ಬಿದ್ದಿವೆ, ದುಡ್ಡೂ ಕೊಟ್ಟಾಗಿದೆ, ಸೈಕಲ್ ಮಾತ್ರ ಇಲ್ಲ. ಲೆಕ್ಕ ಎಷ್ಟು ಬಿಗಿಯಾಗುತ್ತದೋ ತಪ್ಪಿನ ಬೆಲೆಯೂ ಅಷ್ಟೇ ಏರುತ್ತದೆ. ಹಿಂದೆ ಅಂದಾಜಿನ ಮೇಲೆ ನಡೆಸುತ್ತಿದ್ದವರು ಒಂದಿಷ್ಟು ಹೆಚ್ಚೇ ಇಟ್ಟುಕೊಳ್ಳುತ್ತಿದ್ದರು. ಆ ಹೆಚ್ಚಿನದು ತಪ್ಪುಗಳನ್ನು ನುಂಗಿಕೊಳ್ಳುತ್ತಿತ್ತು.

ಎಂಆರ್‌ಪಿ ಬೆಳೆದು ಕಾರ್ಖಾನೆಯ ಯಂತ್ರ, ಜನ, ಹಣ ಎಲ್ಲವನ್ನೂ ಒಳಗೊಂಡಿತು. 1970ರಲ್ಲಿ, ದತ್ತಾಂಶವನ್ನು ಕೋಷ್ಟಕಗಳಾಗಿ ಜೋಡಿಸಿಡುವ ಎಡ್ಗರ್ ಕಾಡ್ ಅವರ ರಿಲೇಷನಲ್ ಮಾದರಿ ಬಂತು. ಒಂದೇ ದತ್ತಾಂಶವನ್ನು ಹತ್ತು ವಿಭಾಗಗಳು ಹತ್ತು ರೀತಿಯಲ್ಲಿ ನೋಡುವುದು ಸಾಧ್ಯವಾಯಿತು. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್‌ಎಪಿ ಎಂಬ ತಂತ್ರಾಂಶ ಕಂಪನಿ ಕಟ್ಟಿದರು. 1990ರಲ್ಲಿ ಗಾರ್ಟ್ನರ್ ಎಂಬ ಸಂಶೋಧನಾ ಸಂಸ್ಥೆ ಇಂಥ ವ್ಯವಸ್ಥೆಗಳಿಗೆ ಇಆರ್‌ಪಿ ಎಂಬ ಹೆಸರಿಟ್ಟಿತು. ಇಷ್ಟು ಸಾಕು, ಇಸವಿಗಳನ್ನು ಬಾಯಿಪಾಠ ಮಾಡಬೇಡಿ.

ಇಆರ್‌ಪಿಯಲ್ಲಿ ಎಲ್ಲ ವಿಭಾಗಗಳೂ ‘ಜೋಡಣೆ’ಯಾಗಿರುತ್ತವೆ ಎನ್ನುತ್ತಾರಲ್ಲ, ಅದರ ಅರ್ಥ ತಿಳಿಯಬೇಕಾದರೆ ಒಂದು ಲಾರಿ ಗೋದಾಮಿನ ಬಾಗಿಲಿಗೆ ಬಂದು ನಿಂತ ಹೊತ್ತನ್ನು ನೋಡಬೇಕು. ಖರೀದಿ ವಿಭಾಗ 100 ಪೀಸ್‌ಗೆ ಪರ್ಚೇಸ್ ಆರ್ಡರ್ ಕೊಟ್ಟಿತ್ತು. ಲಾರಿಯಿಂದ ಇಳಿಸಿ ಎಣಿಸಿದಾಗ 96 ಇವೆ, ಅದರಲ್ಲಿ 2 ಒಡೆದಿವೆ. ಗೋದಾಮಿನವರು ಸರಕು ಸ್ವೀಕರಿಸಿದ ಚೀಟಿಯಾದ ಜಿಆರ್‌ಎನ್‌ನಲ್ಲಿ 94 ಎಂದು ಬರೆದು ಸೇವ್ ಮಾಡುತ್ತಾರೆ. ಆ ಒಂದು ನಮೂದಿನಿಂದ ದಾಸ್ತಾನು 94 ಏರುತ್ತದೆ. ಖರೀದಿ ಆರ್ಡರಿನಲ್ಲಿ 6 ಬಾಕಿ ಎಂದು ಉಳಿಯುತ್ತದೆ. ಲೆಡ್ಜರಿನಲ್ಲಿ 94ರ ಮೌಲ್ಯ ಆಸ್ತಿಯ ಕಡೆಗೂ, ಇನ್ನೂ ಬಾರದ ಬಿಲ್ಲಿನ ಋಣದ ಕಡೆಗೂ ಬೀಳುತ್ತದೆ. ಎರಡು ದಿನ ಬಿಟ್ಟು ಸಪ್ಲೈಯರ್ 100 ಪೀಸ್‌ಗೆ ಇನ್‌ವಾಯ್ಸ್ ಕಳಿಸಿದರೆ, ಆರ್ಡರ್, ಜಿಆರ್‌ಎನ್, ಇನ್‌ವಾಯ್ಸ್ ಮೂರನ್ನೂ ತಾಳೆ ನೋಡುವ ವ್ಯವಸ್ಥೆ ಪಾವತಿಯನ್ನು ತಡೆದು ನಿಲ್ಲಿಸುತ್ತದೆ. ಆರ್ಡರ್ ಕೊಟ್ಟವರು ಒಬ್ಬರು, ಸರಕು ಎಣಿಸಿದವರು ಇನ್ನೊಬ್ಬರು, ಹಣ ಕೊಡುವವರು ಮತ್ತೊಬ್ಬರು. ಇವರು ಒಬ್ಬರನ್ನೊಬ್ಬರು ಕೇಳದೆಯೇ ಸಂಸ್ಥೆಗೆ 6 ಪೀಸಿನ ದುಡ್ಡು ಉಳಿಯಿತು. ಇಆರ್‌ಪಿಯ ನಿಜವಾದ ಬೆಲೆ ನನ್ನ ಪಾಲಿಗೆ ಇದು. ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಆಮೇಲಿನ ಮಾತು.

ಆದರೆ ಇಡೀ ಸರಪಳಿ ನಿಂತಿರುವುದು ಬಾಗಿಲಲ್ಲಿ ನಿಂತು ಎಣಿಸುವ ಆ ಒಬ್ಬರ ಮೇಲೆ. ಅವರು ಎಣಿಸದೆ, ಆರ್ಡರಿನಲ್ಲಿ 100 ಎಂದಿದೆಯೆಂದು 100 ಎಂದೇ ಒತ್ತಿಬಿಟ್ಟರೆ ಮೂರೂ ದಾಖಲೆಗಳು ಸುಂದರವಾಗಿ ತಾಳೆಯಾಗುತ್ತವೆ, ಬಂದ ಸರಕಿನ ಲೆಕ್ಕ ಮಾತ್ರ ಸುಳ್ಳಾಗಿರುತ್ತದೆ. ಹಾಗಾಗಿಯೇ ಕೆಲವು ಕಡೆ ಎಣಿಸುವವರ ಪರದೆಯಲ್ಲಿ ಆರ್ಡರಿನ ಪ್ರಮಾಣವನ್ನು ಬೇಕೆಂದೇ ಮುಚ್ಚಿಟ್ಟಿರುತ್ತಾರೆ. ಎಣಿಸಿಯೇ ಬರೆಯಬೇಕು, ಬೇರೆ ದಾರಿ ಇರುವುದಿಲ್ಲ. ಚಿಕ್ಕ ಏರ್ಪಾಡು, ಆದರೆ ಇದರ ಹಿಂದೆ ಮನುಷ್ಯ ಸ್ವಭಾವದ ಬಗ್ಗೆ ಆಳವಾದ ತಿಳಿವಳಿಕೆ ಇದೆ. ಸಾಫ್ಟ್‌ವೇರ್ ಬರೆಯುವವರು ಕಲಿಯಬೇಕಾದ್ದು ಇಂಥದ್ದನ್ನು.

ವ್ಯವಸ್ಥೆ ಬದಲಿಸುವಾಗ ಏನಾಗಬಹುದು ಎಂಬುದಕ್ಕೆ 1999ರ ಹರ್ಷೀಸ್ ಪ್ರಕರಣವನ್ನು ಎಲ್ಲೆಡೆ ಉದಾಹರಿಸುತ್ತಾರೆ. ಅಮೆರಿಕದ ಈ ಚಾಕೊಲೇಟ್ ಕಂಪನಿ ಮೂರು ಬೇರೆ ಬೇರೆ ತಂತ್ರಾಂಶಗಳನ್ನು ಒಟ್ಟಿಗೇ ಹಾಕಿಕೊಂಡಿತು. 48 ತಿಂಗಳು ಬೇಕು ಎಂದಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿದರು. ಏಪ್ರಿಲ್‌ನಲ್ಲಿ ಆಗಬೇಕಿದ್ದ ಚಾಲನೆ ಜುಲೈಗೆ ಜಾರಿತು. ಹ್ಯಾಲೋವೀನ್ ಹಬ್ಬದ ಆರ್ಡರುಗಳು ಬಂದು ಬೀಳುವ ಹೊತ್ತು ಅದು. ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರುಗಳನ್ನು ಪೂರೈಸಲಾಗಲಿಲ್ಲ. ಸರಕು ಇತ್ತು, ಅದನ್ನು ಕಳಿಸುವ ದಾರಿ ವ್ಯವಸ್ಥೆಯೊಳಗೆ ಕಟ್ಟಿಹೋಗಿತ್ತು. ಇಲ್ಲಿ ತಪ್ಪು ಇಂಥ ತಂತ್ರಾಂಶದ್ದು ಎಂದು ಬೆರಳು ತೋರಿಸಿ ಪ್ರಯೋಜನವಿಲ್ಲ. ವ್ಯಾಪಾರದ ಭರಾಟೆ ಕಡಿಮೆ ಇರುವ ತಿಂಗಳಲ್ಲಿ ಮಾಡಬೇಕಾದ ಬದಲಾವಣೆಯನ್ನು ಅತಿ ಹೆಚ್ಚು ಭರಾಟೆಯ ತಿಂಗಳಿಗೆ ತಂದುಕೊಂಡದ್ದು, ಮೂರನ್ನೂ ಒಟ್ಟಿಗೇ ತಿರುಗಿಸಿದ್ದು, ಇವು ಆಡಳಿತದ ತೀರ್ಮಾನಗಳು.

ಇನ್ನು ಆನ್‌ಲೈನ್ ವ್ಯಾಪಾರ. ಅಂಗಡಿಯಲ್ಲಿ ಲೆಕ್ಕ ತಪ್ಪಿದರೂ ಗ್ರಾಹಕರ ಕಣ್ಣೆದುರು ವಸ್ತು ಇರುತ್ತದೆ. ಇದ್ದರೆ ಕೈಗೆತ್ತಿಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ. ಆನ್‌ಲೈನಿನಲ್ಲಿ ಗ್ರಾಹಕರು ವಸ್ತುವನ್ನು ನೋಡುವುದೇ ಇಲ್ಲ, ನೋಡುವುದು ದಾಖಲೆಯನ್ನು. ಅಂಗಡಿಯ ಒಳಗಿನ ಗುಟ್ಟಾಗಿದ್ದ ತಪ್ಪು ಈಗ ನೇರವಾಗಿ ಗ್ರಾಹಕರಿಗೆ ಕೊಟ್ಟ ಮಾತಾಗುತ್ತದೆ. ‘4 ಇವೆ’ ಎಂಬುದು ಮಾತು. ಹಣ ತೆಗೆದುಕೊಂಡ ಮೇಲೆ ‘ಕ್ಷಮಿಸಿ, ಇರಲಿಲ್ಲ’ ಎನ್ನುವುದು ಮಾತು ಮುರಿದಂತೆ.

ಲೆಕ್ಕ ಪೂರ್ತಿ ಸರಿಯಿದ್ದರೂ ಇಲ್ಲೊಂದು ತೊಡಕಿದೆ. ಉಳಿದಿರುವುದು ಒಂದೇ ಪೀಸ್. ಇಬ್ಬರು ಒಂದೇ ಹೊತ್ತಿಗೆ ‘ಖರೀದಿಸಿ’ ಒತ್ತುತ್ತಾರೆ. ಮೊದಲನೆಯವರ ಪರವಾಗಿ ಪ್ರೋಗ್ರಾಂ ದಾಸ್ತಾನು ಓದುತ್ತದೆ: 1. ಎರಡನೆಯವರ ಪರವಾಗಿಯೂ ಓದುತ್ತದೆ: 1. ಮೊದಲನೆಯದು ಒಂದು ಕಳೆದು 0 ಎಂದು ಬರೆಯುತ್ತದೆ. ಎರಡನೆಯದೂ ತಾನು ಓದಿದ್ದರಲ್ಲಿ ಒಂದು ಕಳೆದು 0 ಎಂದೇ ಬರೆಯುತ್ತದೆ. ಇಬ್ಬರಿಗೂ ಆರ್ಡರ್ ಖಚಿತವಾಯಿತು, ವಸ್ತು ಒಂದೇ. ದಾಸ್ತಾನು 0 ಎಂದು ಅಚ್ಚುಕಟ್ಟಾಗಿ ಕೂತಿದೆ, ಎಲ್ಲೂ ಮೈನಸ್ ಇಲ್ಲ, ತಪ್ಪಾಗಿದೆಯೆಂಬ ಸುಳಿವೂ ಇಲ್ಲ. ಪರೀಕ್ಷೆಯ ಹೊತ್ತಿಗೆ ಒಬ್ಬರೇ ಕೂತು ಒತ್ತಿ ನೋಡಿದರೆ ಇದು ಎಂದೂ ಕಾಣಿಸಿಕೊಳ್ಳುವುದಿಲ್ಲ. ದೊಡ್ಡ ರಿಯಾಯಿತಿ ಮಾರಾಟದ ದಿನವೇ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಔಷಧ ದೊರೆತು ಬಹಳ ಕಾಲವಾಯಿತು. ಓದುವುದು, ಪರೀಕ್ಷಿಸುವುದು, ಬರೆಯುವುದು ಮೂರನ್ನೂ ಬಿಡಿಸಲಾಗದ ಒಂದೇ ಹೆಜ್ಜೆಯಾಗಿ ಮಾಡಬೇಕು. ಡೇಟಾಬೇಸಿನಲ್ಲಿ ಇದನ್ನು ಟ್ರಾನ್ಸಾಕ್ಷನ್ ಎನ್ನುತ್ತೇವೆ. ಈ ಕ್ಷೇತ್ರದಲ್ಲಿ ದುಡಿದ ಜಿಮ್ ಗ್ರೇ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1998ರಲ್ಲಿ ಬಂತು. ಟ್ರಾನ್ಸಾಕ್ಷನ್ನಿನ ನಾಲ್ಕು ಗುಣಗಳಿಗೆ (ಅಖಂಡತೆ, ಸುಸಂಗತತೆ, ಪ್ರತ್ಯೇಕತೆ, ಬಾಳಿಕೆ) ಇಂಗ್ಲಿಷಿನ ಮೊದಲಕ್ಷರಗಳಿಂದ ‘ಆಸಿಡ್’ ಎಂಬ ಹೆಸರು 1983ರಲ್ಲಿ ಹ್ಯಾರ್ಡರ್ ಮತ್ತು ರಾಯ್ಟರ್ ಅವರಿಂದ ಬಂದದ್ದು. ‘ದಾಸ್ತಾನು 1 ಅಥವಾ ಹೆಚ್ಚಿದ್ದರೆ ಮಾತ್ರ ಒಂದು ಕಳೆ’ ಎಂಬ ಒಂದೇ ಆದೇಶವನ್ನು ಡೇಟಾಬೇಸಿಗೆ ಕೊಟ್ಟು, ಎಷ್ಟು ಸಾಲುಗಳು ಬದಲಾದವು ಎಂದು ಕೇಳಿ. ಉತ್ತರ ಸೊನ್ನೆಯಾದರೆ ಬೇರೆ ಯಾರೋ ಮೊದಲೇ ತೆಗೆದುಕೊಂಡಿದ್ದಾರೆ. ಒಂದು ಸಾಲಿನ ಈ ಶಿಸ್ತು ಎಷ್ಟೋ ಕಣ್ಣೀರನ್ನು ತಪ್ಪಿಸುತ್ತದೆ.

ಹಾಗಾದರೆ ದಾಸ್ತಾನನ್ನು ಯಾವಾಗ ಕಳೆಯಬೇಕು? ಕಾರ್ಟಿಗೆ ಹಾಕಿದಾಗಲೋ, ವಿಳಾಸ ಕೊಟ್ಟು ಹಣ ಕಟ್ಟಲು ಹೊರಟಾಗಲೋ, ಹಣ ಬಂದ ಮೇಲೋ? ಕಾರ್ಟಿಗೆ ಹಾಕಿದವರಲ್ಲಿ ಎಷ್ಟೋ ಜನ ಕೊಳ್ಳುವುದೇ ಇಲ್ಲ. ಅವರಿಗಾಗಿ ಹಿಡಿದಿಟ್ಟರೆ ನಿಜವಾಗಿ ಕೊಳ್ಳುವವರಿಗೆ ‘ಮುಗಿದಿದೆ’ ಎಂದು ಕಾಣುತ್ತದೆ. ಹಣ ಬಂದ ಮೇಲೆ ಕಳೆದರೆ, ಹಣ ಕಟ್ಟುವ ಆ ಎರಡು ನಿಮಿಷದಲ್ಲಿ ವಸ್ತು ಬೇರೆಯವರ ಪಾಲಾಗಬಹುದು. ನಾನಂತೂ ಹಣ ಕಟ್ಟುವ ಪುಟಕ್ಕೆ ಬಂದೊಡನೆ ಕೆಲವು ನಿಮಿಷಗಳ ಗಡುವಿಗೆ ಕಾದಿರಿಸಿ, ಗಡುವು ಮೀರಿದರೆ ಬಿಟ್ಟುಕೊಡುವ ಪದ್ಧತಿಯೇ ಮೇಲು ಎನ್ನುತ್ತೇನೆ. ಆಗ ದಾಸ್ತಾನು ಎನ್ನುವುದು ಒಂದು ಸಂಖ್ಯೆಯಾಗಿ ಉಳಿಯುವುದಿಲ್ಲ. ಕೈಯಲ್ಲಿರುವುದು, ಕಾದಿರಿಸಿದ್ದು, ಮಾರಲು ಸಿಗುವುದು ಎಂದು ಮೂರಾಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಮೂರನೆಯದು. ಗ್ರಾಹಕರಿಗೆ ತೋರಿಸಬೇಕಾದ್ದು ಮೂರನೆಯದನ್ನು, ಗೋದಾಮಿನಲ್ಲಿ ಎಣಿಸಿ ನೋಡಿದರೆ ಸಿಗುವುದು ಮೊದಲನೆಯದು. ಇವೆರಡನ್ನು ಗೊಂದಲ ಮಾಡಿಕೊಂಡ ವ್ಯವಸ್ಥೆಗಳನ್ನು ಸಾಕಷ್ಟು ನೋಡಿದ್ದೇನೆ.

ಕಾರ್ಟ್ ಎಂದ ಮೇಲೆ ಒಂದು ಅಡ್ಡಮಾತು. ವೆಬ್‌ಸೈಟುಗಳು ನಮ್ಮನ್ನು ಹಿಂಬಾಲಿಸುತ್ತವೆ ಎಂದು ಇವತ್ತು ಎಲ್ಲರೂ ಬೈಯುವ ಕುಕಿ, ಬ್ರೌಸರಿನಲ್ಲಿ ಉಳಿಯುವ ಆ ಪುಟ್ಟ ಗುರುತು, ಇದೆಯಲ್ಲ, ಅದನ್ನು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ವೆಬ್‌ಗೆ ತಂದದ್ದು ಇಂಥ ಕಾರ್ಟನ್ನು ನೆನಪಿಟ್ಟುಕೊಳ್ಳುವ ಸಮಸ್ಯೆಗಾಗಿ. ವೆಬ್ ಸರ್ವರಿಗೆ ಹಿಂದಿನ ಪುಟದ ನೆನಪೇ ಇರುತ್ತಿರಲಿಲ್ಲ. ಅಮೆಜಾನ್‌ನವರು 2007ರಲ್ಲಿ ಡೈನಮೊ ಎಂಬ ತಮ್ಮ ದತ್ತಾಂಶ ಸಂಗ್ರಹ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದಾಗಲೂ ಕಾರ್ಟನ್ನೇ ಉದಾಹರಣೆಯಾಗಿ ಕೊಟ್ಟಿದ್ದರು. ಸರ್ವರುಗಳ ನಡುವೆ ಸಂಪರ್ಕ ಕಡಿದಾಗಲೂ ಗ್ರಾಹಕರು ಕಾರ್ಟಿಗೆ ವಸ್ತು ಸೇರಿಸುವುದು ನಿಲ್ಲಬಾರದು, ಸೇರಿಸಿದ್ದು ಕಳೆದುಹೋಗಬಾರದು. ಅದಕ್ಕಾಗಿ, ತೆಗೆದುಹಾಕಿದ ವಸ್ತು ಅಪರೂಪಕ್ಕೆ ಮತ್ತೆ ಕಾಣಿಸಿಕೊಂಡರೂ ಆದೀತು ಎಂದು ಒಪ್ಪಿಕೊಂಡಿದ್ದರು. ಕಾರ್ಟಿಗೆ ಆ ಸಡಿಲಿಕೆ ಒಪ್ಪುತ್ತದೆ, ಯಾಕೆಂದರೆ ಹಣ ಕಟ್ಟುವ ಮುನ್ನ ಗ್ರಾಹಕರೇ ಒಮ್ಮೆ ನೋಡುತ್ತಾರೆ. ಕೊನೆಯ ಪೀಸಿನ ಲೆಕ್ಕಕ್ಕೆ ಅದೇ ಸಡಿಲಿಕೆ ಒಪ್ಪುವುದಿಲ್ಲ. ಒಂದೇ ಅಂಗಡಿಯೊಳಗೆ ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಸಾಕು ಎಂದು ಗೆರೆ ಎಳೆಯುವುದು ತಂತ್ರಜ್ಞರೊಬ್ಬರೇ ಮಾಡುವ ತೀರ್ಮಾನ ಆಗಬಾರದು. ವ್ಯಾಪಾರ ಬಲ್ಲವರು ಪಕ್ಕದಲ್ಲಿ ಕೂರಬೇಕು.

ಹಣ ಕಟ್ಟುವಾಗಿನ ಫಜೀತಿ ನಿಮಗೆಲ್ಲ ಗೊತ್ತು. ಒತ್ತಿದಿರಿ, ಚಕ್ರ ಸುತ್ತುತ್ತಲೇ ಇದೆ. ಹಣ ಹೋಯಿತೋ ಇಲ್ಲವೋ? ಮತ್ತೆ ಒತ್ತಲೇ? ಅಂಗಡಿಯ ಸರ್ವರಿಗೂ ಅದೇ ಗೊಂದಲ. ಪಾವತಿ ಸಂಸ್ಥೆಗೆ ಕೋರಿಕೆ ಕಳಿಸಿತು, ಉತ್ತರ ಬರಲಿಲ್ಲ. ಕೋರಿಕೆಯೇ ತಲುಪಲಿಲ್ಲವೋ, ತಲುಪಿ ಹಣ ಕಡಿತವಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ, ಈ ಕಡೆ ಕೂತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರ್ ವಿಜ್ಞಾನದವರು ಇದನ್ನು ಇಬ್ಬರು ಸೇನಾಪತಿಗಳ ಸಮಸ್ಯೆ ಎಂದು ಓದಿರುತ್ತೀರಿ. ಸಂದೇಶ ಕಳೆದುಹೋಗಬಹುದಾದ ದಾರಿಯಲ್ಲಿ ಎರಡೂ ಕಡೆಯವರಿಗೆ ಪೂರ್ತಿ ಖಾತರಿ ಸಿಗುವುದು ಅಸಾಧ್ಯವೆಂದು ಸಾಬೀತಾಗಿದೆ. ಹಾಗಾಗಿ ಖಾತರಿಯ ಹಿಂದೆ ಬೀಳದೆ, ಮತ್ತೆ ಕೇಳಿದರೂ ಹಾನಿಯಾಗದಂತೆ ನೋಡಿಕೊಳ್ಳುತ್ತಾರೆ. ಪ್ರತಿ ಪಾವತಿ ಪ್ರಯತ್ನಕ್ಕೂ ಒಂದು ವಿಶಿಷ್ಟ ಗುರುತು ಸಂಖ್ಯೆ ಅಂಟಿಸಿ ಕಳಿಸುತ್ತಾರೆ. ಅದೇ ಸಂಖ್ಯೆಯ ಕೋರಿಕೆ ಎರಡನೆಯ ಸಲ ಬಂದರೆ ಪಾವತಿ ಸಂಸ್ಥೆ ಮತ್ತೆ ಹಣ ಕಡಿಯದೆ, ಹಿಂದಿನ ಉತ್ತರವನ್ನೇ ಮತ್ತೆ ಹೇಳುತ್ತದೆ. ಇಷ್ಟಾದರೂ ದಿನದ ಕೊನೆಗೆ ಪಾವತಿ ಸಂಸ್ಥೆಯ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ತಮ್ಮ ಆರ್ಡರುಗಳ ಪಟ್ಟಿ ಮೂರನ್ನೂ ಸಾಲುಸಾಲಾಗಿ ತಾಳೆ ನೋಡದ ಆನ್‌ಲೈನ್ ಅಂಗಡಿ, ತನ್ನ ಹಣ ಎಲ್ಲಿದೆಯೆಂದು ತಿಳಿಯದ ಅಂಗಡಿ. ರಾತ್ರಿಯ ಆ ತಾಳೆ ಪಟ್ಟಿಯಲ್ಲಿ ಹಣ ಬಂದು ಆರ್ಡರ್ ಇಲ್ಲದ ಸಾಲುಗಳಿದ್ದರೆ, ಬೆಳಿಗ್ಗೆ ಮೊದಲ ಕೆಲಸ ಅವರ ಹಣ ವಾಪಸ್ ಮಾಡುವುದು. ಗ್ರಾಹಕರು ಕರೆ ಮಾಡಿ ಬೇಡುವವರೆಗೆ ಕಾಯುವುದು ಸರಿಯಲ್ಲ.

ವಾಪಸ್ ಬಂದ ಸರಕಿನ ಬಗ್ಗೆ ಎರಡೇ ಮಾತು. ವಾಪಸ್ ಬಂದದ್ದೆಲ್ಲ ಮಾರಲು ಬರುವ ಸರಕಲ್ಲ. ತೆರೆದು ನೋಡಿ, ಒಳಗೆ ಹೇಳಿದ ವಸ್ತುವೇ ಇದೆಯೇ, ಬಳಸಿದ್ದಾರೆಯೇ, ಒಡೆದಿದೆಯೇ ಎಂದು ಪರೀಕ್ಷಿಸುವ ತನಕ ಅದಕ್ಕೆ ‘ಪರೀಕ್ಷೆಯಲ್ಲಿದೆ’ ಎಂಬ ಬೇರೆಯದೇ ಖಾನೆ ಇರಬೇಕು.

ಕೃತಕ ಬುದ್ಧಿಮತ್ತೆಯ ಬಗ್ಗೆ ಯಾಕೆ ಹೇಳಲಿಲ್ಲ ಎಂದು ಮಾತಿನ ನಡುವೆಯೇ ಒಬ್ಬರು ಕೇಳಿದರು. ಬೇಡಿಕೆಯ ಮುನ್ನಂದಾಜಿಗೆ ಅದು ಚೆನ್ನಾಗಿ ನೆರವಾಗುತ್ತದೆ. ಆದರೆ ಅದು ಕಲಿಯುವುದು ಮಾರಾಟದ ದಾಖಲೆಯಿಂದ, ಬೇಡಿಕೆಯಿಂದಲ್ಲ. ಕಪಾಟು ಖಾಲಿಯಿದ್ದ ದಿನ ಮಾರಾಟ ಸೊನ್ನೆ. ಅಂದು ಕೇಳಿಕೊಂಡು ಬಂದವರು ಎಷ್ಟು ಮಂದಿ ಎಂದು ಎಲ್ಲೂ ಬರೆದಿರುವುದಿಲ್ಲ. ಈಗ ನೀಲಿ ಸಾಬೂನನ್ನು ನೆನೆಯಿರಿ. ಕಪಾಟಿನಲ್ಲಿ ಒಂದೂ ಇಲ್ಲ, ಪರದೆಯಲ್ಲಿ ಇನ್ನೂ ಒಂದು ಇದೆ. ಒಂದು ಇದೆಯಾದ್ದರಿಂದ, ಸೊನ್ನೆಗೆ ಬಂದಾಗ ಆರ್ಡರ್ ಹಾಕು ಎಂಬ ನಿಯಮ ಚಾಲನೆಗೆ ಬರುವುದಿಲ್ಲ. ಆರ್ಡರ್ ಹೋಗುವುದಿಲ್ಲ, ಸರಕು ಬರುವುದಿಲ್ಲ, ಮಾರಾಟ ಆಗುವುದಿಲ್ಲ, ಹಾಗಾಗಿ ಪರದೆಯ ಒಂದು ಒಂದಾಗಿಯೇ ಉಳಿಯುತ್ತದೆ. ವಾರಗಟ್ಟಲೆ ಹೀಗೇ. ಮುನ್ನಂದಾಜಿನ ಮಾದರಿ ಇದನ್ನು ನೋಡಿ ‘ದಾಸ್ತಾನು ಇದೆ, ಯಾರೂ ಕೊಳ್ಳುತ್ತಿಲ್ಲ’ ಎಂದು ಕಲಿಯುತ್ತದೆ. ಮುಂದಿನ ಸಲ ಆ ಸಾಬೂನನ್ನು ಇನ್ನೂ ಕಡಿಮೆ ತರಿಸಲು ಸಲಹೆ ಕೊಡುತ್ತದೆ. ಮಾದರಿ ಎಷ್ಟು ಜಾಣವಾಗಿದ್ದರೂ ಈ ಉರುಳಿನಿಂದ ತಾನಾಗಿ ಹೊರಬರಲಾರದು. ಯಾರಾದರೂ ಹೋಗಿ ಕಪಾಟು ನೋಡಬೇಕು. ದಿನಕ್ಕೆ ಹತ್ತಾರು ಮಾರಾಟವಾಗುತ್ತಿದ್ದ ವಸ್ತು ದಾಸ್ತಾನಿದ್ದೂ ಕೆಲವು ದಿನದಿಂದ ಒಂದೂ ಹೋಗಿಲ್ಲವೆಂದರೆ, ‘ಹೋಗಿ ನೋಡಿ’ ಎಂದು ಎಚ್ಚರಿಸುವುದನ್ನು ಮಾತ್ರ ಯಂತ್ರ ಮಾಡಬಲ್ಲದು, ಮಾಡಿಸಬೇಕು.

ಆದ್ದರಿಂದ ಎಣಿಕೆ. ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಲ್ಲವನ್ನೂ ಎಣಿಸುವುದಕ್ಕಿಂತ, ದಿನವೂ ಕೆಲವು ವಸ್ತುಗಳನ್ನು ಸರದಿಯಂತೆ ಎಣಿಸುವುದು ಒಳ್ಳೆಯದು. ಹೆಚ್ಚು ಮೌಲ್ಯದವನ್ನು, ಬೇಗ ಬೇಗ ಓಡಾಡುವವನ್ನು ಮತ್ತೆ ಮತ್ತೆ ಎಣಿಸಬೇಕು; ಉಳಿದವಕ್ಕೆ ಅಷ್ಟು ಅವಸರವಿಲ್ಲ. ವರ್ಷದ ಕೊನೆಗೆ ಸಿಕ್ಕ ವ್ಯತ್ಯಾಸದ ಕಾರಣ ಯಾರಿಗೂ ನೆನಪಿರುವುದಿಲ್ಲ. ನಿನ್ನೆಯ ವ್ಯತ್ಯಾಸದ ಕಾರಣವನ್ನು ಇವತ್ತು ಹುಡುಕಬಹುದು. ಎಣಿಸಿದಾಗ ವ್ಯತ್ಯಾಸ ಸಿಕ್ಕರೆ ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಬರೆಯುವ ವ್ಯವಸ್ಥೆಯನ್ನು ಯಾರೂ ಕಟ್ಟಬೇಡಿ, ಇದು ನನ್ನ ಕಳಕಳಿಯ ವಿನಂತಿ. ಬಂದದ್ದು, ಹೋದದ್ದು, ಒಡೆದದ್ದು, ಎಣಿಕೆಯಲ್ಲಿ ಕಡಿಮೆ ಕಂಡದ್ದು, ಪ್ರತಿಯೊಂದೂ ದಿನಾಂಕ, ಕಾರಣ, ಬರೆದವರ ಹೆಸರಿನೊಂದಿಗೆ ಹೊಸದೊಂದು ಸಾಲಾಗಿ ಸೇರಬೇಕು. ಸಾಲುಗಳನ್ನು ಕೂಡಿದರೆ ಇವತ್ತಿನ ದಾಸ್ತಾನು ಸಿಗಬೇಕು. ಆಗ ‘ಎಣಿಕೆ ವ್ಯತ್ಯಾಸ’ ಎಂಬ ಸಾಲುಗಳನ್ನಷ್ಟೇ ಹೆಕ್ಕಿ ನೋಡಿದರೆ ಯಾವ ಕೌಂಟರಿನಲ್ಲಿ, ಯಾವ ಸಪ್ಲೈಯರ್ ಸರಕಿನಲ್ಲಿ, ಯಾವ ಬಗೆಯ ಐಟಂನಲ್ಲಿ ತಪ್ಪು ಹೆಚ್ಚು ಎಂದು ಕಾಣುತ್ತದೆ. ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಚಿಕ್ಕ ವ್ಯಾಪಾರಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು.

ಕೊನೆಗೆ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆ ತುಂಬ ಚೆನ್ನಾಗಿತ್ತು: ‘ದಾಸ್ತಾನು ಮೈನಸ್‌ಗೆ ಹೋಗದಂತೆ ವ್ಯವಸ್ಥೆಯಲ್ಲೇ ತಡೆದುಬಿಟ್ಟರೆ ಆಗುವುದಿಲ್ಲವೇ ಸರ್?’ ಎಲ್ಲಿ ಮಾರುತ್ತಿದ್ದೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಆನ್‌ಲೈನಿನಲ್ಲಿ ತಡೆಯಲೇಬೇಕು, ವಸ್ತುವನ್ನು ಯಾರೂ ಕಂಡಿಲ್ಲ, ದಾಖಲೆ ಇಲ್ಲವೆಂದರೆ ಮಾತು ಕೊಡಬಾರದು. ಅಂಗಡಿಯ ಕೌಂಟರಿನಲ್ಲಿ ತಡೆದರೆ ಬೇರೆಯದೇ ಅನಾಹುತ. ಗ್ರಾಹಕರು ವಸ್ತುವನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ, ಪರದೆ ‘ದಾಸ್ತಾನು ಇಲ್ಲ, ಬಿಲ್ ಮಾಡಲಾಗದು’ ಎನ್ನುತ್ತದೆ. ಕೌಂಟರಿನವರು ಏನು ಮಾಡುತ್ತಾರೆ? ಅದೇ ಬೆಲೆಯ ಬೇರೊಂದು ವಸ್ತುವನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಒಂದು ತಪ್ಪಿದ್ದ ಕಡೆ ಎರಡಾಯಿತು, ಮೊದಲನೆಯದರ ಸುಳಿವೂ ಅಳಿಸಿಹೋಯಿತು. ಅಲ್ಲಿ ಮೈನಸ್‌ಗೆ ಹೋಗಲು ಬಿಡಿ. ಮೈನಸ್ ಆದ ಐಟಂಗಳ ಪಟ್ಟಿ ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಗೋದಾಮಿನ ಮೇಲ್ವಿಚಾರಕರ ಕೈಗೆ ಸಿಗುವಂತೆ ಮಾಡಿ. ಅದರಲ್ಲಿ ಮೊದಲು ನೋಡಬೇಕಾದ್ದು ಆ ಐಟಂನ ಕೊನೆಯ ಜಿಆರ್‌ಎನ್, ಆಮೇಲೆ ಐಟಂ ಮಾಸ್ಟರಿನಲ್ಲಿ ಒಂದು ಬಾಕ್ಸಿಗೆ ಎಷ್ಟು ಪೀಸ್ ಎಂದು ಬರೆದಿದೆ ಎಂಬುದು.